ಮಾವನ ಹೆಸರಿನ ಮೇಲೊಂದು ಗೆರೆ

ಬೆಳಗಿನ ನಾಲ್ಕೂ ಮುಕ್ಕಾಲು. ಅಲ್ ಖೋಬರ್‌ನ ತುಖ್ಬಾ ಬಡಾವಣೆಯ ಹಿಂಬದಿಯ ಅಂಗಳದಲ್ಲಿ ಹನ್ನೊಂದು ಹಳದಿ ಬಸ್ಸುಗಳು ಸಾಲಾಗಿ ನಿಂತಿವೆ. ಮಸೀದಿಯಿಂದ ಮರಳಿದ ಚಾಲಕರು ಒಬ್ಬೊಬ್ಬರಾಗಿ ಇಂಜಿನ್ ಚಾಲೂ ಮಾಡುತ್ತಿದ್ದಾರೆ. ಆ ಹೊತ್ತಿಗೇ ಗಾಳಿ ಬಿಸಿಯಾಗಿದೆ. ಏಳನೆಯ ನಂಬರಿನ ಬಸ್ಸಿನೊಳಗೆ ಐವತ್ತೊಂದು ವರ್ಷದ ಮೋಹಿನಿ ಮೊಣಕಾಲೂರಿ, ಮೊಬೈಲಿನ ಬೆಳಕು ಹಿಡಿದು, ಒಂದೊಂದೇ ಸೀಟಿನ ಕೆಳಗೆ ಬಗ್ಗಿ ನೋಡುತ್ತಿದ್ದಾರೆ. ಹಿಂದಿನ ದಿನ ಮಧ್ಯಾಹ್ನವೇ ಖಾಲಿ ಮಾಡಿ ಬೀಗ ಹಾಕಿದ ಬಸ್ಸು ಅದು.

ಬೀಗ ಹಾಕಿದ ಬಸ್ಸಿನಲ್ಲಿ ಯಾರಿರುತ್ತಾರೆ ಎಂದು ಕೇಳಿದರೆ ಅವರು ತಲೆ ಎತ್ತುವುದಿಲ್ಲ. “ಯಾರೂ ಇರ್ಲಿಕ್ಕಿಲ್ಲ. ಆದ್ರೆ ನೋಡದೆ ಹಾಗೆ ಹೇಳ್ಲಿಕ್ಕೆ ನನ್ನಿಂದ ಆಗುದಿಲ್ಲ.” ಕೊನೆಯ ಸೀಟಿನವರೆಗೆ ಹೋಗಿ ಬಂದವರು ಇನ್ನೊಮ್ಮೆ ಹೋಗುತ್ತಾರೆ. ಬಾಗಿಲ ಮೆಟ್ಟಿಲ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಾರೆ. ಮೇ ತಿಂಗಳ ಮೊದಲ ವಾರದಿಂದ ಹೀಗೆ ಎನ್ನುತ್ತಾರೆ ಚಾಲಕ ಕೂಸಪ್ಪ.

“ಮೊದ್ಲು ಒಂದು ಸಲ ನೋಡ್ತಿದ್ರು, ಈಗ ಎರಡು ಸಲ. ಇನ್ನು ನಾಲ್ಕು ದಿನ ಹೋದ್ರೆ ಮೋಹಿನಿಯಕ್ಕ ಇಂಜಿನ್ ಬಿಚ್ಚಿಸಿ ಅದ್ರ ಒಳಗೂ ನೋಡ್ತಾರೆ.”

“ನೀನು ರೋಡ್ ನೋಡು ಮಾರಾಯ,” ಎನ್ನುತ್ತಾರೆ ಮೋಹಿನಿ.

ಮೋಹಿನಿ ಶಾಲಾ ಬಸ್ಸಿನ ಆಯಾ. ಇಲ್ಲಿಯ ಭಾರತೀಯ ಶಾಲೆಯೊಂದಕ್ಕೆ ಮಕ್ಕಳನ್ನು ಕರೆದೊಯ್ಯುವ ಸಣ್ಣ ಸಾರಿಗೆ ಸಂಸ್ಥೆಯಲ್ಲಿ ನಾಲ್ಕು ವರ್ಷಗಳಿಂದ ಇದ್ದಾರೆ. ಅದಕ್ಕೆ ಮೊದಲು ನಾಲ್ಕು ವರ್ಷ ತಾಯಿಫ್‌ನ ಆಸ್ಪತ್ರೆಯೊಂದರಲ್ಲಿ ನೆಲ ಒರೆಸುವ ಕೆಲಸ. ಶಾಲೆಯ ಹೆಸರನ್ನೂ ಸಂಸ್ಥೆಯ ಹೆಸರನ್ನೂ ಬರೆಯಬಾರದೆಂದು ಕೇಳಿಕೊಂಡರು, ಬರೆಯುವುದಿಲ್ಲ. ಮುಂದೆ ಬರುವ ಒಂದು ಕುಟುಂಬದವರ ಹೆಸರುಗಳನ್ನೂ ಬದಲಿಸಿದ್ದೇನೆ. ಇದನ್ನು ಬರೆಯುವ ಮೊದಲು ಆ ಮನೆಯ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಒಪ್ಪಿದರು.

ಏಳನೆಯ ಬಸ್ಸಿಗೆ ಹದಿನಾಲ್ಕು ನಿಲ್ದಾಣ, ನಲವತ್ತೊಂದು ಮಕ್ಕಳು. ಮೊದಲ ಮಗು ಐದು ಇಪ್ಪತ್ತಕ್ಕೆ ಹತ್ತುತ್ತದೆ. ಮಧ್ಯಾಹ್ನ ಕೊನೆಯ ಮಗು ಇಳಿಯುವಾಗ ಮೂರು ಗಂಟೆ. ಅಷ್ಟರಲ್ಲಿ ಮೋಹಿನಿ ಆ ಮೂರು ಮೆಟ್ಟಿಲುಗಳನ್ನು ಎಷ್ಟು ಸಲ ಹತ್ತಿ ಇಳಿಯುತ್ತಾರೆ ಎಂದು ಎಣಿಸಲು ಹೊರಟು ಅರುವತ್ತರ ಬಳಿ ನನಗೆ ಲೆಕ್ಕ ತಪ್ಪಿತು. ಹೊರಗೆ ನಲವತ್ತನಾಲ್ಕು, ನಲವತ್ತೈದು ಡಿಗ್ರಿ. ಬಾಗಿಲು ಮುಚ್ಚಿ ನಿಂತ ಬಸ್ಸಿನಲ್ಲಿ ಮಗುವೊಂದು ನಿದ್ದೆ ಹೋಗಿ ಉಳಿದುಬಿಟ್ಟರೆ ಏನಾಗುತ್ತದೆ ಎಂಬುದನ್ನು ಈ ಕೆಲಸದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಅವರ ಎಣಿಕೆಯೇ ಬೇರೆ. “ನಲವತ್ತೊಂದು ಮಕ್ಕಳು, ಇಪ್ಪತ್ತೊಂಬತ್ತು ತಾಯಂದಿರು,” ಎನ್ನುತ್ತಾರೆ. ಬಸ್ಸಿನಲ್ಲಿ ಮೂವರು ಫಾತಿಮಾಗಳಿದ್ದಾರೆ. ಮೋಹಿನಿಗೆ ಅವರು ಸಫಿಯತ್‌ನ ಫಾತಿಮಾ, ರಶೀದಾನ ಫಾತಿಮಾ, ಶಹಲಾನ ಫಾತಿಮಾ. ಉಳಿದವರಿಗೂ ಅಷ್ಟೆ, ಯಾರ ಮಗ, ಯಾರ ಮಗಳು ಎಂದೇ ಕರೆಯುವುದು. ನಾಲ್ಕನೆಯ ತರಗತಿಯವನೊಬ್ಬ ಹತ್ತುವಾಗ ಗೊಣಗುತ್ತಾನೆ: “ಆಂಟಿ, ಐ ಹ್ಯಾವ್ ಎ ನೇಮ್.”

“ಉಂಟಲ್ಲ ಮಗ, ಅದು ನಿನ್ನ ಹತ್ರವೇ ಇರ್ಲಿ. ನನಗೆ ಬೇಕಾದ್ದು ನಿನ್ನ ಅಮ್ಮಂದು.”

ಕಚೇರಿಯ ಪಟ್ಟಿ ಹೀಗಿಲ್ಲ. ಅಲ್ಲಿ ಮಗುವಿನ ಹೆಸರು, ತಂದೆಯ ಹೆಸರು, ತಂದೆಯ ಇಕಾಮಾ ಸಂಖ್ಯೆ ಇರುತ್ತವೆ. ಇಲ್ಲಿ ವಾಸಿಸಲು ಬೇಕಾದ ಆ ಪರವಾನಗಿ ಗಂಡಸಿನ ಹೆಸರಿಗಿದ್ದರೆ ಹೆಂಡತಿ ಮಕ್ಕಳದ್ದು ಅದಕ್ಕೇ ಕಟ್ಟಿಕೊಂಡಿರುತ್ತದೆ. ಕೊನೆಯ ಕಾಲಮಿನಲ್ಲಿ, ಮಧ್ಯಾಹ್ನ ಮಗುವನ್ನು ಯಾರ ಕೈಗೆ ಕೊಡಬಹುದು ಎಂಬ ಹೆಸರುಗಳು. ಕಚೇರಿಯ ಶಮೀನಾ ಪ್ರತಿ ಭಾನುವಾರ, ವಾರದ ಮೊದಲ ದಿನ, ಹೊಸ ಪಟ್ಟಿ ಮುದ್ರಿಸಿ ಕೊಡುತ್ತಾರೆ.

ಮೋಹಿನಿ ಮಕ್ಕಳನ್ನು ತಾಯಿಯಿಂದ ಗುರುತಿಸುವುದು ನೆನಪಿನ ಅನುಕೂಲಕ್ಕೆ ಕಂಡುಕೊಂಡ ಉಪಾಯವಲ್ಲ. ಅವರು ಹುಟ್ಟಿದ್ದು ಮಲ್ಪೆಯ ದಕ್ಷಿಣದ ಕಡಲ ದಂಡೆಯ ಊರಿನಲ್ಲಿ, ಅಳಿಯಕಟ್ಟಿನ ಮನೆಯಲ್ಲಿ. ಅಲ್ಲಿ ಮಗು ತಾಯಿಯ ಮನೆಯದು. ಕುಲದ ಹೆಸರನ್ನು ತುಳುವಿನಲ್ಲಿ ಬರಿ ಎನ್ನುತ್ತಾರೆ. ಅದು ಬರುವುದು ತಾಯಿಯಿಂದ. ಒಂದೇ ಬರಿಯ ಹುಡುಗ ಹುಡುಗಿ ಎಷ್ಟು ದೂರದವರಾದರೂ ಒಡಹುಟ್ಟಿದವರ ಲೆಕ್ಕ, ಮದುವೆಯಾಗುವಂತಿಲ್ಲ. ಮನೆಯ ಹಿರಿತನ ತಂದೆಯಿಂದ ಮಗನಿಗೆ ಹೋಗುವುದಿಲ್ಲ, ಸೋದರಮಾವನಿಂದ ಅಕ್ಕನ ಮಗನಿಗೆ, ತಂಗಿಯ ಮಗನಿಗೆ ಇಳಿಯುತ್ತದೆ. ಕೋರ್ಟಿನ ಕಾನೂನು ದಶಕಗಳ ಹಿಂದೆಯೇ ಬದಲಾಗಿದೆ. ಎಲ್ಲ ಮನೆಗಳಲ್ಲೂ ಎಲ್ಲವೂ ಹೀಗೇ ನಡೆಯುತ್ತಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ. ಮೋಹಿನಿ ತಮ್ಮ ಮನೆಯಲ್ಲಿ ಕಂಡದ್ದನ್ನಷ್ಟೇ ಬರೆಯುತ್ತಿದ್ದೇನೆ.

ಅವರ ಇಬ್ಬರು ಮಕ್ಕಳ ಹೆಸರಿನ ಕೊನೆಗೂ ಅವರದೇ ಬರಿ ಇದೆ, ಗಂಡನದ್ದಲ್ಲ. “ಪಾಸ್‌ಪೋರ್ಟ್ ಮಾಡ್ಲಿಕ್ಕೆ ಹೋದಾಗ ಆಫೀಸಿನವ ನನ್ನ ಯಜಮಾನ್ರನ್ನು ಕೇಳಿದ, ಇವ ನಿಮ್ಮ ಮಗನೇ ಹೌದಾ ಅಂತ. ಇವರು ಎಂತ ಹೇಳಿದ್ರು ಗೊತ್ತುಂಟಾ? ನನ್ನ ಮಗ ಹೌದು, ಆದ್ರೆ ಮನೆ ಅವಳದ್ದು ಅಂತ.” ಗಂಡ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಗ ಮಂಜುಗಡ್ಡೆಯ ಕಾರ್ಖಾನೆಯಲ್ಲಿದ್ದಾನೆ. ಮಗಳು ನರ್ಸಿಂಗ್ ಎರಡನೆಯ ವರ್ಷ. ಅವಳ ಓದು ಮುಗಿಯುವವರೆಗೆ ಮೋಹಿನಿಗೆ ಇಲ್ಲಿಯ ಕೆಲಸ ಬೇಕು. ಮೋಹಿನಿಯ ಇಕಾಮಾ ಜೂನ್ ಕೊನೆಗೆ ಮುಗಿಯುತ್ತದೆ. ಸಂಸ್ಥೆ ನವೀಕರಿಸದಿದ್ದರೆ ಮರಳಿ ಬರಲಾಗದಂತೆ ಊರಿಗೆ ಹೋಗಬೇಕು.

ಅವರ ಸೋದರಮಾವ ನೋಣಯ ಆ ದಂಡೆಯ ನಲವತ್ತು ಮನೆಗಳ ಗುರಿಕಾರರಾಗಿದ್ದರು. ಬಲೆ ಹರಿದ ತಕರಾರು, ದೋಣಿ ತಾಗಿದ ತಕರಾರು, ಗಂಡ ಹೆಂಡಿರ ತಕರಾರು, ಎಲ್ಲವೂ ಅವರ ಅಂಗಳಕ್ಕೆ ಬರುತ್ತಿದ್ದವು. ಅವರು ಒಬ್ಬರೇ ಕೂತು ಏನನ್ನೂ ತೀರ್ಮಾನಿಸುತ್ತಿರಲಿಲ್ಲ. ಊರಿನ ಹತ್ತು ಸಮಸ್ತರು ಕೂತ ಮೇಲೆಯೇ ಮಾತು. ತಪ್ಪು ಮಾಡಿದವನು ಇನ್ನೊಬ್ಬರು ದೂರುವ ಮೊದಲು ತಾನೇ ಎದ್ದು ನಿಂತು ಹೇಳಬೇಕು. ಏನನ್ನೂ ಬರೆದಿಡುತ್ತಿರಲಿಲ್ಲ, ಕೂತು ಕೇಳಿದವರೇ ಕಾಗದ. “ಮುಂದೆ ಯಾರಾದ್ರೂ ನಾನು ಹಾಗೆ ಹೇಳ್ಲೇ ಇಲ್ಲ ಅಂದ್ರೆ, ಕೇಳಿದವರು ಹತ್ತು ಜನ ಇರ್ತಾರಲ್ಲ,” ಎನ್ನುತ್ತಾರೆ ಮೋಹಿನಿ.

ಮೋಹಿನಿಗೆ ಒಂಬತ್ತು ವರ್ಷವಾಗಿದ್ದಾಗ ಅವರ ತಾಯಿ ಗಂಡನೊಡನೆ ಮುನಿದು ಮೂರು ಮಕ್ಕಳನ್ನು ಕರೆದುಕೊಂಡು ಅದೇ ಮನೆಗೆ ಬಂದರು. ಯಾಕೆ ಬಂದೆ ಎಂದು ಯಾರೂ ಕೇಳಲಿಲ್ಲ. ಎರಡು ತಿಂಗಳ ಮೇಲೆ ತಂದೆ ಬಂದು ಅಂಗಳದಲ್ಲಿ ನಿಂತರು. ನೋಣಯ ಗುರಿಕಾರರು ಜನ ಸೇರಿಸಿ ಕೇಳಿ ಹೇಳಿದ್ದು ಇಷ್ಟು: ಮಕ್ಕಳು ಇಲ್ಲಿಯವರು, ಇಲ್ಲೇ ಇರಲಿ, ಬಲೆ ಹಾಕದ ದಿನಗಳಲ್ಲಿ ನೀನು ಬಂದು ಅವರೊಟ್ಟಿಗೆ ಊಟ ಮಾಡು. ತಂದೆ ಸಾಯುವವರೆಗೆ ಹಾಗೇ ಬಂದು ಉಂಡು ಹೋದರು. ಮೋಹಿನಿಯ ಮಟ್ಟಿಗೆ ಮಾವನೆಂದರೆ ಮಕ್ಕಳು ಬೀದಿಗೆ ಬೀಳದಂತೆ ಹಿಡಿದವರು.

ಇದನ್ನೆಲ್ಲ ಇಷ್ಟು ಉದ್ದ ಬರೆಯಲು ಕಾರಣವಿದೆ. ಮೇ ತಿಂಗಳ ಆ ಭಾನುವಾರ ಆದದ್ದು ಇದಿಲ್ಲದೆ ಅರ್ಥವಾಗುವುದಿಲ್ಲ.

ಬಸ್ಸಿನಲ್ಲಿ ಒಂದನೆಯ ತರಗತಿಯ ವಿಸ್ಮಯಾ ಎಂಬ ಮಗುವಿದೆ. ತಂದೆ ಅಖಿಲೇಶ್, ಕಂಪನಿಯೊಂದರಲ್ಲಿ ಇಂಜಿನಿಯರ್. ತಾಯಿ ರಮ್ಯಶ್ರೀ ದಂತ ಚಿಕಿತ್ಸಾಲಯದಲ್ಲಿ ಕೆಲಸಕ್ಕಿದ್ದಾರೆ, ಸಂಜೆಯವರೆಗೆ ಬಿಡುವಿಲ್ಲ. ಹಾಗಾಗಿ ಮಧ್ಯಾಹ್ನ ಮಗುವನ್ನು ಇಳಿಸಿಕೊಳ್ಳಲು ಪಟ್ಟಿಯಲ್ಲಿ ಇಬ್ಬರ ಹೆಸರಿತ್ತು: ಪಕ್ಕದ ಮನೆಯ ಮೈಮೂನತ್, ಮತ್ತು ದಮ್ಮಾಮ್‌ನಲ್ಲಿರುವ ತಾಯಿಯ ಅಣ್ಣ ರಿತೇಶ್. ಏಪ್ರಿಲ್ ಕೊನೆಗೆ ಗಂಡ ಹೆಂಡಿರ ನಡುವೆ ಮಾತು ಮುರಿದು ರಮ್ಯಶ್ರೀ ಅಣ್ಣನ ಮನೆಗೆ ಹೋದರು. ಮಗು ತಂದೆಯ ಬಳಿ ಉಳಿಯಿತು. ಅಖಿಲೇಶ್ ಕಚೇರಿಗೆ ಫೋನ್ ಮಾಡಿ ರಿತೇಶ್ ಹೆಸರು ತೆಗೆಸಿದರು. ಭಾನುವಾರ ಬಂದ ಪಟ್ಟಿಯಲ್ಲಿ ಆ ಹೆಸರಿನ ಮೇಲೆ ಒಂದು ಗೆರೆ ಇತ್ತು.

ಮೋಹಿನಿಗೆ ಜಗಳದ ಸಂಗತಿ ತಿಳಿದಿರಲಿಲ್ಲ. ಗೆರೆಯನ್ನು ಅವರು ಕಂಡಿದ್ದರು. ಇದನ್ನು ನಾನು ಎರಡು ಸಲ ಕೇಳಿದೆ, ಎರಡು ಸಲವೂ ಅದೇ ಉತ್ತರ. “ಕಂಡಿದ್ದೆ. ಬೆಳಿಗ್ಗೆಯೇ ಕಂಡಿದ್ದೆ. ಬೇರೆ ಯಾರ ಹೆಸರಿಗೆ ಗೆರೆ ಬಿದ್ದಿದ್ರೂ ಫೋನ್ ಮಾಡಿ ಕೇಳ್ತಿದ್ದೆ. ಮಾವನ ಹೆಸರಿಗೆ ಯಾರು ಗೆರೆ ಹಾಕ್ತಾರೆ? ಕಂಪ್ಯೂಟರ್‌ದು ಎಂತದೋ ತಪ್ಪು ಅಂತ ಮಾಡಿದೆ.”

ಮಧ್ಯಾಹ್ನ ಎರಡು ಹತ್ತಕ್ಕೆ ಬಸ್ಸು ಆ ಕಟ್ಟಡದ ಮುಂದೆ ನಿಂತಾಗ ಮೈಮೂನತ್ ಇನ್ನೂ ಕೆಳಗಿಳಿದಿರಲಿಲ್ಲ. ರಿತೇಶ್ ನಿಂತಿದ್ದರು. ಮೋಹಿನಿ ಮಗುವಿನ ಚೀಲವನ್ನು ಅವರ ಹೆಗಲಿಗೆ ಹಾಕಿ, ನೀರಿನ ಬಾಟಲಿ ಕೈಗೆ ಕೊಟ್ಟು, ಬಾಗಿಲು ಮುಚ್ಚಿದರು. ಬಸ್ಸು ಹೊರಟಿತು.

ಇಳಿದು ಬಂದ ಮೈಮೂನತ್ ಮಗುವನ್ನು ಕಾಣದೆ ಅಖಿಲೇಶ್ ಅವರಿಗೆ ಹೇಳಿದ್ದರು, ಅವರು ಕಚೇರಿಗೆ. ಎರಡೂ ಐವತ್ತಕ್ಕೆ ಮೇಲ್ವಿಚಾರಕ ಮುಝಫ್ಫರ್ ಅವರ ಫೋನ್ ಬಂತು. ಉಪ್ಪಿನಂಗಡಿಯ ಕಡೆಯವರು, ಮೆದು ಮಾತಿನ ಮನುಷ್ಯ. ಅವರ ದನಿಯಲ್ಲೇ ಏನೋ ಆಗಿದೆ ಎಂದು ಗೊತ್ತಾಯಿತು ಎನ್ನುತ್ತಾರೆ ಮೋಹಿನಿ.

“ಮೋಹಿನಿಯಕ್ಕ, ವಿಸ್ಮಯಾಳನ್ನು ಯಾರ ಕೈಗೆ ಕೊಟ್ರಿ?”

“ಅವಳ ಮಾವನಿಗೆ.”

“ಯಾವ ಮಾವ?”

“ಯಾವ ಮಾವ ಅಂದ್ರೆ? ತಾಯಿಯ ಅಣ್ಣ.”

ಆ ಕಡೆ ಕಾಗದ ಮಗುಚುವ ಸದ್ದು. ಆಮೇಲೆ ಮುಝಫ್ಫರ್ ಹೇಳಿದರು: “ಪಟ್ಟಿ ನೋಡ್ಲಿಲ್ವಾ ಅಕ್ಕ ನೀವು?”

ರಿತೇಶ್ ಅವರ ಫೋನ್ ಸ್ವಿಚ್ ಆಫ್ ಆಗಿತ್ತು. ರಮ್ಯಶ್ರೀ ಫೋನ್ ಎತ್ತುತ್ತಿರಲಿಲ್ಲ. ಮಗುವನ್ನು ಊರಿಗೆ ಕರೆದೊಯ್ದುಬಿಡುತ್ತಾರೆ ಎಂಬ ಭಯ ಅಖಿಲೇಶ್ ಅವರಿಗೆ. ತಂದೆಯ ಒಪ್ಪಿಗೆಯಿಲ್ಲದೆ ಮಗುವಿಗೆ ದೇಶ ಬಿಡಲು ಆಗುವುದಿಲ್ಲವಲ್ಲ ಎಂದು ಈಗ ಕೇಳಿದರೆ ಅವರು ಹೇಳುತ್ತಾರೆ, “ಅದು ನನಗೂ ಗೊತ್ತು. ಆ ಹೊತ್ತಿಗೆ ತಲೆಗೆ ಗೊತ್ತಿತ್ತು, ಕೈಕಾಲಿಗೆ ಗೊತ್ತಿರ್ಲಿಲ್ಲ.” ಅವರು ಕಾರು ತೆಗೆದುಕೊಂಡು ದಮ್ಮಾಮ್‌ಗೆ ಹೋದರು. ರಿತೇಶ್ ಅವರ ಮನೆಗೆ ಬೀಗ ಹಾಕಿತ್ತು.

ಕೂಸಪ್ಪ ಉಳಿದ ಮಕ್ಕಳನ್ನು ಇಳಿಸಿ ಬಸ್ಸನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ಮೋಹಿನಿ ಇಳಿಯಲಿಲ್ಲ. “ಎಸಿ ಬಂದ್ ಮಾಡಿದೆ, ಬನ್ನಿ ಅಕ್ಕ, ಸುಟ್ಟು ಹೋಗ್ತೀರಿ ಅಂದೆ,” ಎನ್ನುತ್ತಾರೆ ಕೂಸಪ್ಪ. “ಅವರು ವಿಸ್ಮಯಾ ಕೂರುವ ಸೀಟಲ್ಲಿ ಕೂತಿದ್ರು. ನಾನು ಬಾಗಿಲು ತೆರೆದಿಟ್ಟು ಹೊರಗೆ ನಿಂತೆ. ನನಗೂ ಹೆದರಿಕೆ. ಬಸ್ಸಿನ ಡ್ರೈವರ್ ನಾನಲ್ವಾ.”

ಆ ಹೊತ್ತಿನಲ್ಲಿ ಮೋಹಿನಿ ಪೊಲೀಸರನ್ನು ನೆನೆದರು. ಭಾಷೆ ಬರದ ಠಾಣೆಯಲ್ಲಿ ಏನು ಹೇಳುವುದೆಂದು ನೆನೆದರು. ಮಗಳಿಗೆ ಏನು ಹೇಳುವುದೆಂದು ನೆನೆದರು. ಬಿಸಿಲಿನಲ್ಲಿ ಯಾವುದೋ ಕಾರಿನ ಹಿಂದಿನ ಸೀಟಿನಲ್ಲಿ ಮಗು ಒಂಟಿಯಾಗಿ ಕೂತಿರುವಂತೆ ಕಂಡಿತು. ಹಾಗಾಗಲಿಕ್ಕಿಲ್ಲ, ಮಾವನಲ್ಲವೇ ಎಂದುಕೊಂಡರು. ಮರುಕ್ಷಣ, ನನಗೆ ಆ ಮನುಷ್ಯನ ಬಗ್ಗೆ ಏನು ಗೊತ್ತು ಎಂದೂ ಅನ್ನಿಸಿತು. ಐವತ್ತೊಂದು ವರ್ಷದಲ್ಲಿ ಮಾವನೆಂಬ ಮಾತಿನ ಪಕ್ಕದಲ್ಲಿ ಆ ಪ್ರಶ್ನೆ ಬಂದದ್ದು ಅದೇ ಮೊದಲು.

“ಆಮೇಲೆ ನನ್ನ ಅಪ್ಪನ ನೆನಪಾಯ್ತು,” ಎಂದು ಅವರು ನಿಧಾನಕ್ಕೆ ಹೇಳುತ್ತಾರೆ. “ಅಂಗಳದಲ್ಲಿ ನಿಂತಿದ್ರಲ್ಲ. ಹತ್ತು ಜನ ಬಂದು ಕೂರುವವರೆಗೆ ಅವರನ್ನು ಕೂತ್ಕೊಳ್ಳಿ ಅಂತ ಯಾರೂ ಹೇಳ್ಲಿಲ್ಲ. ಬಿಸಿಲು. ನಾನು ಕಿಟಕಿಯಲ್ಲಿ ನೋಡ್ತಾ ಇದ್ದೆ. ಎರಡು ತಿಂಗಳು ಮಕ್ಕಳು ಹೇಗಿದ್ದಾರೆ ಅಂತ ಗೊತ್ತಿಲ್ಲದೆ ಆ ಮನುಷ್ಯ ಹೇಗೆ ಇದ್ರು ಅಂತ ನಾನು ಒಂದು ದಿನ ಕೇಳ್ಲಿಲ್ಲ. ಬಸ್ಸಲ್ಲಿ ಕೂತಾಗ ಗೊತ್ತಾಯ್ತು.”

ಸಂಜೆ ಐದು ಇಪ್ಪತ್ತಕ್ಕೆ ರಮ್ಯಶ್ರೀಯೇ ಗಂಡನಿಗೆ ಫೋನ್ ಮಾಡಿದರು. ಮಗು ತಮ್ಮ ಜೊತೆ ಇದೆ, ಉಂಡು ಮಲಗಿದೆ, ಬಂದು ಕರೆದುಕೊಂಡು ಹೋಗಿ ಎಂದರು. ರಿತೇಶ್ ಮಗುವನ್ನು ಚಿಕಿತ್ಸಾಲಯದ ಬಳಿಯ ಗೆಳೆಯನ ಮನೆಗೆ ಕರೆತಂದಿದ್ದರು. ರಮ್ಯಶ್ರೀ ಕೆಲಸದ ನಡುವೆ ಎದ್ದು ಬಂದಿದ್ದರು. ಮಗಳನ್ನು ನೋಡಿ ಹನ್ನೊಂದು ದಿನವಾಗಿತ್ತು. ಫೋನಿನ ಚಾರ್ಜ್ ಮುಗಿದಿತ್ತು ಎಂದು ರಿತೇಶ್ ಹೇಳುತ್ತಾರೆ. ಅದು ಹೌದೋ ಅಲ್ಲವೋ ನನಗೆ ತಿಳಿಯದು. ಮೂರು ಗಂಟೆ ಹತ್ತು ನಿಮಿಷ ಒಂದು ಮಗು ಎಲ್ಲಿದೆ ಎಂದು ಅದರ ತಂದೆಗೆ ಗೊತ್ತಿರಲಿಲ್ಲ ಎಂಬುದು ಮಾತ್ರ ನಿಜ.

ಮರುದಿನ ಅಖಿಲೇಶ್ ಲಿಖಿತ ದೂರು ಕೊಟ್ಟರು. ಮುಂದಿನ ಭಾನುವಾರದೊಳಗೆ ಕ್ರಮ ಕೈಗೊಳ್ಳದಿದ್ದರೆ ಪೊಲೀಸರ ಬಳಿ ಹೋಗುವುದಾಗಿ ಅದರಲ್ಲಿತ್ತು. ಸಂಸ್ಥೆಯ ಮಾಲೀಕರು ಮೋಹಿನಿಯನ್ನು ಬಸ್ಸಿನಿಂದ ಇಳಿಸಿ, ಅಂಗಳ ಗುಡಿಸಲು ಹಾಕಿದರು. ಇಕಾಮಾ ನವೀಕರಣದ ಕಾಗದವನ್ನು ತಡೆಹಿಡಿದರು. ಆ ವಾರ ಅವರು ಕೋಣೆಯಲ್ಲಿ ಪೆಟ್ಟಿಗೆ ತುಂಬಿಸಿ ಇಟ್ಟಿದ್ದರಂತೆ. ಬಾಗಿಲು ಯಾರು ತಟ್ಟಿದರೂ ಪೊಲೀಸರೆಂದೇ ಅನ್ನಿಸುತ್ತಿತ್ತು. ನೀರು ತರುವವನಿಗೂ ಯಾರೆಂದು ಕೇಳಿಯೇ ಬಾಗಿಲು ತೆರೆಯುತ್ತಿದ್ದರು.

ಬುಧವಾರ ಮುಝಫ್ಫರ್ ಒಂದು ದಾರಿ ಹುಡುಕಿದರು. ಗೆರೆ ಮಸುಕಾಗಿತ್ತು, ಪಟ್ಟಿ ಸ್ಪಷ್ಟವಾಗಿರಲಿಲ್ಲ ಎಂದು ಮೋಹಿನಿ ಬರೆದುಕೊಟ್ಟರೆ ಮಾಲೀಕರನ್ನು ತಾನು ಒಪ್ಪಿಸುತ್ತೇನೆ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅವರೇ ಇದನ್ನು ನನಗೆ ತಿಳಿಸಿದರು, ಬರೆಯಿರಿ ಎಂದೂ ಹೇಳಿದರು.

“ಪಟ್ಟಿ ಮಾಡಿದ್ದು ಶಮೀನಾ ಅಲ್ವಾ?” ಎಂದು ಕೇಳಿದರು ಮೋಹಿನಿ.

“ಹೌದು. ಅವಳಿಗೆ ಒಂದು ವಾರ್ನಿಂಗ್ ಬರಬಹುದು. ಅಷ್ಟೆ.”

“ಅವಳು ಬಂದು ಎಷ್ಟು ತಿಂಗಳಾಯ್ತು?”

“ಮೂರು.”

“ಹಾಗಾದ್ರೆ ಅಷ್ಟೆ ಅಲ್ಲ ಮುಝಫ್ಫರ್ ಭಾಯ್. ಗೆರೆ ದಪ್ಪ ಇತ್ತು. ನಾನು ಕಂಡದ್ದನ್ನು ಕಾಣ್ಲಿಲ್ಲ ಅಂತ ಬರೆದ್ರೆ ನಾಳೆ ಸೀಟಿನ ಕೆಳಗೆ ನೋಡದೆ ನೋಡಿದೆ ಅಂತ ಹೇಳ್ಲಿಕ್ಕೂ ಆಗ್ತದೆ. ಮತ್ತೆ ಯಾವ ತಾಯಿ ನನ್ನ ಕೈಗೆ ಮಗು ಕೊಡ್ತಾಳೆ?”

ಆಮೇಲೆ ಅವರು ಒಂದನ್ನು ಕೇಳಿಕೊಂಡರು. ಕಳುಹಿಸುವುದಾದರೆ ಕಳುಹಿಸಿ. ಅದಕ್ಕೆ ಮೊದಲು ಎಲ್ಲ ಬಸ್ಸಿನವರ ಎದುರು, ಮಗುವಿನ ತಂದೆಯ ಎದುರು ನಾನು ಎದ್ದು ನಿಂತು ಹೇಳಬೇಕು. ಹೀಗೊಂದು ಪದ್ಧತಿ ಇಲ್ಲಿ ಇಲ್ಲವಲ್ಲ ಎಂದರು ಮುಝಫ್ಫರ್. “ಇಲ್ಲಿ ಇಲ್ಲದಿದ್ರೆ ಇಲ್ಲ. ನನ್ನಲ್ಲಿ ಉಂಟು,” ಎಂದರು ಮೋಹಿನಿ. ಅಖಿಲೇಶ್ ಬರಲು ಒಪ್ಪುತ್ತಾರೆಂದು ಯಾರೂ ಅಂದುಕೊಂಡಿರಲಿಲ್ಲ. ಅವರೂ ಅದೇ ಕಡಲ ಕಡೆಯವರು. ಬರುತ್ತೇನೆ, ಆದರೆ ದೂರು ಹಿಂತೆಗೆಯುತ್ತೇನೆ ಎಂದು ತಿಳಿಯಬೇಡಿ ಎಂದರಂತೆ.

ಭಾನುವಾರ ಬೆಳಿಗ್ಗೆ ಬಸ್ಸುಗಳು ಹೊರಡುವ ಮೊದಲು ಅಂಗಳದಲ್ಲಿ ಇಪ್ಪತ್ತೆರಡು ಮಂದಿ ನಿಂತಿದ್ದರು. ಹನ್ನೊಂದು ಚಾಲಕರು, ಮೋಹಿನಿಯೂ ಸೇರಿ ಹನ್ನೊಂದು ಆಯಾಗಳು. ಕೇರಳದವರು, ತಮಿಳರು, ಹೈದರಾಬಾದಿನವರು, ನೇಪಾಳದವರು. ಕಚೇರಿಯ ಬಾಗಿಲಲ್ಲಿ ಶಮೀನಾ. ಒಂದು ಬದಿಗೆ ಅಖಿಲೇಶ್. ಮೋಹಿನಿ ಮೊದಲು ಒಂದು ಕುರ್ಚಿ ತಂದು ಅವರ ಹಿಂದೆ ಇಟ್ಟರು. ಅವರು ಕೂರಲಿಲ್ಲ. ಕುರ್ಚಿ ಅಲ್ಲೇ ಇತ್ತು.

ಮೋಹಿನಿ ಮುರುಕು ಹಿಂದಿಯಲ್ಲಿ ಹೇಳಿದರು, ಅಖಿಲೇಶ್ ಕಡೆ ತಿರುಗಿ ಅದನ್ನೇ ತುಳುವಿನಲ್ಲಿ ಹೇಳಿದರು. ಪಟ್ಟಿಯಲ್ಲಿ ಗೆರೆ ಇತ್ತು, ನಾನು ಕಂಡಿದ್ದೆ. ನನ್ನ ಮನೆಯ ಕ್ರಮದಲ್ಲಿ ಆ ಹೆಸರಿಗೆ ಗೆರೆ ಹಾಕುವ ಹಾಗಿಲ್ಲ, ಹಾಗಾಗಿ ತಪ್ಪಿ ಬಿದ್ದದ್ದು ಎಂದುಕೊಂಡೆ, ಕೇಳಲಿಲ್ಲ. ಬಸ್ಸಿಗೆ ನನ್ನ ಮನೆಯ ಕ್ರಮ ತಂದದ್ದು ನನ್ನ ತಪ್ಪು. ಮೂರು ಗಂಟೆ ಹತ್ತು ನಿಮಿಷ ಈ ತಂದೆಗೆ ಮಗು ಎಲ್ಲಿದೆ ಎಂದು ಗೊತ್ತಿರಲಿಲ್ಲ. ಶಮೀನಾ ಮಾಡಿದ ಪಟ್ಟಿ ಸರಿ ಇತ್ತು. ಕೂಸಪ್ಪನಿಗೆ ಏನೂ ಗೊತ್ತಿರಲಿಲ್ಲ. ನೀವೆಲ್ಲ ಕೇಳಿದ್ದೀರಿ.

ಅಖಿಲೇಶ್ ಕೇಳಿದ್ದು ಒಂದೇ ಪ್ರಶ್ನೆ. “ಅವಳು ಇಳಿಯುವಾಗ ಎಂತಾದ್ರೂ ಹೇಳಿದಳಾ?”

ಆ ಕ್ಷಣ ತನಗೆ ಸುಳ್ಳು ಹೇಳುವ ಆಸೆ ಬಂತು ಎನ್ನುತ್ತಾರೆ ಮೋಹಿನಿ. ನಿಜ ಹೇಳಿದರೆ ಆ ಮನುಷ್ಯನಿಗೆ ಇನ್ನಷ್ಟು ಸಿಟ್ಟು ಬರಬಹುದಿತ್ತು. ತನ್ನ ಪೆಟ್ಟಿಗೆ ಹೇಗೂ ತುಂಬಿಸಿಯೇ ಇತ್ತು. “ಅಮ್ಮನ ಹತ್ರ ಹೋಗುದಾ ಮಾವ ಅಂತ ಕೇಳಿದಳು,” ಎಂದರು. “ಓಡಿ ಇಳಿದಳು.”

ಅಖಿಲೇಶ್ ಕುರ್ಚಿಯಲ್ಲಿ ಕೂತರು. ಸ್ವಲ್ಪ ಹೊತ್ತಿನ ಮೇಲೆ ಎದ್ದು, ಮುಝಫ್ಫರ್ ಅವರಿಂದ ದೂರಿನ ಪ್ರತಿ ಕೇಳಿ ಪಡೆದು, ಅದರ ಕೆಳಗೆ ಎರಡು ಸಾಲು ಬರೆದು ಸಹಿ ಹಾಕಿ ಹೊರಟುಹೋದರು. ಆ ಸಾಲುಗಳು ಇವು: ದೂರು ಹಾಗೇ ಇರುತ್ತದೆ. ಮಗುವನ್ನು ಕರೆತರುವ ಕೆಲಸಕ್ಕೆ ಇವರನ್ನೇ ಇಡಿ, ಬೇರೆಯವರು ಬೇಡ. ನಾನು ಆ ಕಾಗದವನ್ನು ನೋಡಿದ್ದೇನೆ. ಏಕೆ ಹಾಗೆ ಬರೆದಿರಿ ಎಂದು ಕೇಳಿದಾಗ ಅವರು ಕಾರಣ ಹೇಳಲಿಲ್ಲ. ಅವರ ಮನಸ್ಸಿನಲ್ಲಿದ್ದುದನ್ನು ಊಹಿಸಿ ಬರೆಯುವುದು ನನಗೆ ಸರಿ ಕಾಣುವುದಿಲ್ಲ.

ಮಾಲೀಕರು ಮೋಹಿನಿಯನ್ನು ಮತ್ತೆ ಬಸ್ಸಿಗೆ ಹಾಕಿ, ನವೀಕರಣದ ಕಾಗದವನ್ನು ಮುಂದಕ್ಕೆ ಕಳಿಸಿದ್ದಾರೆ, ಒಂದು ವರ್ಷಕ್ಕಲ್ಲ, ಮೂರು ತಿಂಗಳಿಗೆ. ಆಮೇಲೆ ನೋಡೋಣ ಎಂದಿದ್ದಾರೆ. ಅಂಗಳದಲ್ಲೂ ಒಂದು ಬದಲಾವಣೆ ಬಂದಿದೆ. ಪ್ರತಿ ಭಾನುವಾರ ಆಯಾಗಳು ಹೊಸ ಪಟ್ಟಿಯನ್ನು ಚಾಲಕರ ಎದುರು ಗಟ್ಟಿಯಾಗಿ ಓದುತ್ತಾರೆ. ಹೊಸ ಹೆಸರು ಬಂದಿದ್ದರೆ, ಹೆಸರಿಗೆ ಗೆರೆ ಬಿದ್ದಿದ್ದರೆ, ಚಾಲಕರು “ಕೇಳಿದೆ” ಎನ್ನಬೇಕು. ನಿಯಮವೆಂದು ಯಾರೂ ಬರೆದಿಲ್ಲ. ಆ ದಿನ ನಿಂತು ಕೇಳಿದವರು ತಾವಾಗಿ ಶುರುಮಾಡಿದ್ದು.

“ಕೇಳಿದೆ, ಕೇಳಿದೆ,” ಎಂದು ರಾಗ ಎಳೆಯುತ್ತಾರೆ ಕೂಸಪ್ಪ. “ಮನೆಯಲ್ಲಿ ಹೆಂಡತಿಗೂ ಇಷ್ಟು ಸಲ ಹೇಳಿದವನಲ್ಲ ನಾನು.”

“ಅದಕ್ಕೇ ಅವಳು ಊರಲ್ಲಿ, ನೀನು ಇಲ್ಲಿ.”

ಜೂನ್ ಮೊದಲ ವಾರದ ಪಟ್ಟಿಯಲ್ಲಿ ವಿಸ್ಮಯಾಳ ಸಾಲಿನಲ್ಲಿ ಹೊಸದೊಂದು ಹೆಸರು ಸೇರಿದೆ. ಭಾನುವಾರ ಮತ್ತು ಬುಧವಾರ, ತಾಯಿ ರಮ್ಯಶ್ರೀ. ಗಂಡ ಹೆಂಡಿರು ಒಟ್ಟಾಗಿದ್ದಾರೆಂದು ಇದರ ಅರ್ಥವಲ್ಲ; ಅದು ಅವರ ಮಾತು, ಅವರಲ್ಲೇ ಇರಲಿ. ರಿತೇಶ್ ಅವರ ಹೆಸರಿನ ಮೇಲಿನ ಗೆರೆ ಹಾಗೇ ಇದೆ.

ನಾನು ಬಸ್ಸಿನಲ್ಲಿದ್ದದ್ದು ಅಂಥದೊಂದು ಬುಧವಾರ. ಎರಡು ಹತ್ತಕ್ಕೆ ಬಸ್ಸು ನಿಲ್ಲುತ್ತದೆ. ರಮ್ಯಶ್ರೀ ಚಿಕಿತ್ಸಾಲಯದಿಂದ ಅರ್ಧ ದಿನದ ರಜೆ ಪಡೆದು ಬಂದಿದ್ದಾರೆ. ಕರೆತಂದ ಅಣ್ಣ ರಸ್ತೆಯ ಆಚೆ ಬದಿಯಲ್ಲಿ, ಕಾರಿನ ಪಕ್ಕ, ಬಿಸಿಲಿನಲ್ಲಿ ನಿಂತಿದ್ದಾರೆ. ಹತ್ತಿರ ಬರುವುದಿಲ್ಲ. ಮೋಹಿನಿ ಪಟ್ಟಿ ನೋಡುತ್ತಾರೆ, ತಾಯಿಯ ಮುಖ ನೋಡುತ್ತಾರೆ, ಮತ್ತೆ ಪಟ್ಟಿ ನೋಡುತ್ತಾರೆ. ಬಾಯಿಬಿಟ್ಟು ಹೆಸರು ಓದುತ್ತಾರೆ. ಕೂಸಪ್ಪ ಕೇಳಿದೆ ಎನ್ನುತ್ತಾರೆ. ಮಗುವಿನ ಕೈ ತಾಯಿಯ ಕೈಗೆ ಹೋಗುವವರೆಗೆ ಮೋಹಿನಿ ಅದನ್ನು ಬಿಡುವುದಿಲ್ಲ. ರಸ್ತೆಯ ಆಚೆಯಿಂದ ರಿತೇಶ್ ತಲೆ ಬಾಗಿಸುತ್ತಾರೆ. ಮೋಹಿನಿ ತಲೆ ಬಾಗಿಸಿ ಬಾಗಿಲು ಮುಚ್ಚುತ್ತಾರೆ.

ಹೆದರಿಕೆ ಹೋಗಿಲ್ಲವೇ ಎಂದು ಕೇಳುತ್ತೇನೆ. “ಹೋದ್ರೆ ಈ ಕೆಲಸ ಬಿಡಬೇಕು,” ಎನ್ನುತ್ತಾರೆ. ಬಸ್ಸು ತಿರುಗಿದ ಮೇಲೆ ಮುಂದುವರಿಸುತ್ತಾರೆ. “ಮಾವನ ಹೆಸರು ಒಂದು ದಿನ ಪಟ್ಟಿಗೆ ವಾಪಸ್ ಬರಬೇಕು ಅಂತ ನನಗೆ ಆಸೆ ಉಂಟು. ದಿನಾ ಬೆಳಿಗ್ಗೆ ಮೊದಲು ಅದನ್ನೇ ನೋಡುದು ನಾನು. ಬರುವವರೆಗೆ, ಅವನು ಅಲ್ಲಿ ಎಷ್ಟು ದಿನ ನಿಂತ್ರೂ, ಮಗು ನನ್ನ ಕೈಯಿಂದ ಅವನ ಕೈಗೆ ಹೋಗುದಿಲ್ಲ.”